ಅದು ಗದ್ದಲವಲ್ಲ, ಶ್ರುತಿ

ಜೂನ್ ತಿಂಗಳು. ಯೋಕೋಹಾಮಾದಲ್ಲಿ ನಾಲ್ಕೂವರೆಗೆಲ್ಲ ಬೆಳಕು ಹರಿಯುತ್ತದೆ. ಮೂರನೇ ಮಹಡಿಯ ಬಾಡಿಗೆ ಮನೆಯೊಂದರಲ್ಲಿ ವೇದವಲ್ಲಿ ಅಡುಗೆಮನೆಯ ಸಿಂಕಿನ ಪಕ್ಕ ಟವೆಲ್ ಹಾಸಿಕೊಂಡು ಹಳೆಯ ಗ್ರಾಮಫೋನ್ ರೆಕಾರ್ಡೊಂದನ್ನು ತೊಳೆಯುತ್ತಿದ್ದಾರೆ. ಮೆತ್ತನೆಯ ಬ್ರಷ್ಷು ಗೆರೆಗಳ ಗುಂಟವೇ ಸುತ್ತಬೇಕು, ಅಡ್ಡ ಹೋಗಬಾರದು. ನಡುವಿನ ಲೇಬಲ್ಲಿಗೆ ಒಂದು ಹನಿ ನೀರೂ ತಾಗಬಾರದು. ಎದುರಿನ ಹಳಿಯ ಮೇಲೆ ರೈಲುಗಳ ಓಡಾಟ ಜೋರಾದರೆ ನೆಲ ಅದುರುತ್ತದೆ, ಪ್ಲೇಯರಿನ ಮುಳ್ಳು ಆ ಅದುರನ್ನೂ ಸಂಗೀತದ ಜೊತೆ ಎತ್ತಿಕೊಂಡುಬಿಡುತ್ತದೆ. ಹಾಗಾಗಿ ಇವರ ಆಫೀಸು ಶುರುವಾಗುವುದೇ ಈ ಹೊತ್ತಿಗೆ. ಇವರ ಬಗ್ಗೆ ಬರೆಯಲೆಂದು ನಾನೂ ಇದೇ ಹೊತ್ತಿಗೆ ಬಂದು ಕೂತಿದ್ದೇನೆ.

ಹಳೆಯ ಎಲೆಕ್ಟ್ರಾನಿಕ್ ಸಂಗೀತದ ಆಲ್ಬಂಗಳನ್ನು ಹೊಸದಾಗಿ ಹೊರತರುವ ಟೋಕಿಯೋದ ಕಂಪನಿಯೊಂದಕ್ಕೆ ಇವರು ಗುತ್ತಿಗೆಯ ಕೆಲಸಗಾರ್ತಿ. ಮೂಲ ಟೇಪು ಬೂಷ್ಟು ಹಿಡಿದೋ ಕಳೆದೋ ಹೋಗಿದ್ದರೆ, ಆ ಕಾಲದ ರೆಕಾರ್ಡೇ ಗತಿ. ಅದನ್ನು ತೊಳೆದು, ನುಡಿಸಿ, ಕಂಪ್ಯೂಟರಿಗೆ ಇಳಿಸಿ, ಮೊದಲಿನಿಂದ ಕೊನೆಯವರೆಗೆ ಕೇಳಿ, ಎಷ್ಟನೇ ನಿಮಿಷದಲ್ಲಿ ಎಂಥ ದೋಷವಿದೆ ಎಂದು ಬರೆದು ಕಳಿಸಬೇಕು. ಕೊರೊನಾ ಬಂದು ಸ್ಟುಡಿಯೋ ಮುಚ್ಚಿದ ಮೇಲೆ ರೆಕಾರ್ಡುಗಳು ಕೊರಿಯರಿನಲ್ಲಿ ಮನೆಗೇ ಬರುತ್ತಿವೆ. ದಿನಕ್ಕೆ ಮೂರು, ವಾರಕ್ಕೆ ಹದಿನೈದು. ಎರಡು ವರ್ಷದಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು. ಅವುಗಳಲ್ಲಿ ಒಂದರ ಹೊದಿಕೆಯ ಮೇಲೂ ಇವರ ಹೆಸರಿಲ್ಲ. ಮುಖಪುಟಕ್ಕೆ ಬಣ್ಣ ತುಂಬಿದವರ ಹೆಸರಿದೆ, ಮುಖ್ಯಸ್ಥರ ಕಾರ್ಯದರ್ಶಿಗೆ ಧನ್ಯವಾದವಿದೆ. ಕೊಳೆ ತೊಳೆದ ಕೈಗೆ ಮಾತ್ರ ಜಾಗ ಸಾಲಲಿಲ್ಲವಂತೆ.

ಬೆಂಗಳೂರಿನ ಹನುಮಂತನಗರದವರು. ಗಂಡ ಜಯದೇವ ವಾಹನ ಕಾರ್ಖಾನೆಯ ಎಂಜಿನಿಯರ್. ಹಮಾಮತ್ಸುವಿನಲ್ಲಿ ಒಂಬತ್ತು ವರ್ಷ ಇದ್ದು ಯೋಕೋಹಾಮಾಕ್ಕೆ ಬಂದರು. ಬಂದ ವಾರವೇ ಹಳೆಯ ಟೇಬಲ್ ಫ್ಯಾನು ಸೋಮಾರಿಯಾಯಿತು. ರಿಪೇರಿಗೆ ಒಯ್ದರೆ ಅಂಗಡಿಯವರು ನಕ್ಕು ಕಾರಣ ಹೇಳಿದರು. ಜಪಾನಿನ ಪೂರ್ವಕ್ಕೆ ಕರೆಂಟು ಸೆಕೆಂಡಿಗೆ ಐವತ್ತು ಸಲ ಮಿಡಿದರೆ, ಪಶ್ಚಿಮಕ್ಕೆ ಅರವತ್ತು ಸಲ. ಟೋಕಿಯೋ, ಯೋಕೋಹಾಮಾ ಐವತ್ತರ ಊರು. ಹಮಾಮತ್ಸು, ಕೋಬೆ ಅರವತ್ತರವು. ಈ ಫ್ಯಾನಿನ ಪಾಠವೇ ಮುಂದೊಂದು ದಿನ ಕೆಲಸಕ್ಕೆ ಬಂತು.

ಹಳೆಯದೆಲ್ಲ ಚಿನ್ನ ಎನ್ನುವ ಪೈಕಿ ಇವರಲ್ಲ. ರೆಕಾರ್ಡಿನ ಒಳಸುತ್ತಿನಲ್ಲಿ ದನಿ ಒಡೆಯುತ್ತದೆ, ಎಷ್ಟೋ ಮರುಮುದ್ರಣಗಳು ಮೂಲಕ್ಕಿಂತ ಚೆನ್ನಾಗಿವೆ ಎಂದು ತಾವೇ ಒಪ್ಪುತ್ತಾರೆ. ಇವರ ತಕರಾರು ಬೇರೆ. "ಈಗಿನೋರು ಮೆಲ್ಲಗಿರೋದನ್ನೂ ಎಳೆದು ಜೋರು ಮಾಡ್ತಾರೆ. ಎಲ್ಲಾನೂ ಜೋರಾದ್ರೆ ಜೋರು ಅನ್ನೋದಕ್ಕೆ ಅರ್ಥ ಏನು ಉಳೀತು? ಸಾರಿಗೆ ಉಪ್ಪು ಹಾಕೋದು ಬೇರೆ, ಉಪ್ಪಿಗೆ ಸಾರು ಹಾಕೋದು ಬೇರೆ," ಎನ್ನುತ್ತಾರೆ.

ಕಳೆದ ವರ್ಷ ಮಾರ್ಚಿನಲ್ಲಿ ಬಂದದ್ದು 1983ರ ಒಂದು ರೆಕಾರ್ಡು. ತೊಕುಯಾಮಾ ಎಂಬ ಸಂಯೋಜಕರು ಸಿಂಥಸೈಜರಿನಲ್ಲಿ ಒಬ್ಬರೇ ಕೂತು ಮಾಡಿದ್ದು. ಕೇಳುತ್ತ ಹೋದರೆ ತಳದಲ್ಲೊಂದು ಗುಂಯ್ ಎನ್ನುವ ನಾದ. ಮಿಕ್ಕ ಸ್ವರಗಳೆಲ್ಲ ಹೊರಟು ಹೊರಟು ಅದರ ಮೇಲೇ ಬಂದು ಕೂರುತ್ತಿವೆ. ವೇದವಲ್ಲಿ ತಮ್ಮ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯ ತಿರುಪು ಸರಿಮಾಡಿ ಅದಕ್ಕೆ ಕೂಡಿಸಿದರು. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ತಿರುಪಿನ ಪಕ್ಕ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಇದು ದೋಷವಲ್ಲ, ಬೇಕೆಂದೇ ಇಟ್ಟ ಆಧಾರ ನಾದ, ತೆಗೆಯಬೇಡಿ ಎಂದು ಬರೆದು ಕಳಿಸಿದರು.

ಕಂಪನಿಯ ಉತ್ತರ ಎಷ್ಟು ವಿನಯದ್ದೋ ಅಷ್ಟೇ ಚುಚ್ಚುವಂಥದ್ದು. ಸುಮಿಮಾಸೆನ್, ಕ್ಷಮಿಸಿ, ಅದು ಸೆಕೆಂಡಿಗೆ ಐವತ್ತರ ಕರೆಂಟಿನ ಗದ್ದಲ, ಬಹುಶಃ ನಿಮ್ಮ ಮನೆಯ ವೈರಿಂಗಿನದು, ದಯವಿಟ್ಟು ಗಮನ ಕೊಡಿ. ಸ್ಟುಡಿಯೋ ಮುಚ್ಚಿ ಮನೆಯಿಂದಲೇ ಮಾಡಿ ಎಂದವರೂ ಅವರೇ, ಮನೆಯದೇ ತಪ್ಪು ಎಂದವರೂ ಅವರೇ.

ವೇದವಲ್ಲಿ ಆ ವಾರವೇ ಎರಡು ಮಾಸ್ಕ್ ಹಾಕಿಕೊಂಡು, ರೆಕಾರ್ಡ್ ಪ್ಲೇಯರನ್ನು ತೊಡೆಯ ಮೇಲಿಟ್ಟುಕೊಂಡು ಖಾಲಿ ಬುಲೆಟ್ ರೈಲು ಶಿಂಕಾನ್‌ಸೆನ್‌ನಲ್ಲಿ ಹಮಾಮತ್ಸುವಿಗೆ ಹೋದರು. ಹಳೆಯ ನೆರೆಯಾಕೆ ಮಾಲತಿ ಸೋಂಕಿಗೆ ಹೆದರಿ ಬಾಗಿಲಾಚೆಯ ಬಾಲ್ಕನಿಯಲ್ಲೇ ಪ್ಲಗ್ ಕೊಟ್ಟರು. ಅರವತ್ತರ ಕರೆಂಟಿನಲ್ಲಿ ರೆಕಾರ್ಡು ಸುತ್ತಿತು. ಫ್ಯಾನಿನಂತಲ್ಲ, ಈ ಪ್ಲೇಯರಿನ ಮೋಟರಿನ ವೇಗ ಕರೆಂಟಿನ ಮಿಡಿತಕ್ಕೆ ತಕ್ಕಂತೆ ಬದಲಾಗುವುದಿಲ್ಲ. ಬ್ಯಾಟರಿಯ ಶ್ರುತಿಪೆಟ್ಟಿಗೆ ಪೆನ್ಸಿಲ್ ಗುರುತಿನಲ್ಲೇ ಇತ್ತು, ನಾದವೂ ಅದಕ್ಕೆ ಸರಿಯಾಗಿ ಅಲ್ಲೇ ಇತ್ತು. ವೈರಿಂಗಿನ ತಪ್ಪಾಗಿದ್ದರೆ ಇಲ್ಲಿ ಅದು ಮೂರು ಸ್ವರಸ್ಥಾನ ಮೇಲೇರಬೇಕಿತ್ತು. ವಾಪಸ್ಸು ಬರುವಾಗ ಹೊದಿಕೆಯ ಹಿಂಬದಿ ಓದಿದರು. ಧ್ವನಿಮುದ್ರಣವಾದದ್ದು ಕೋಬೆಯಲ್ಲಿ. ಅದೂ ಅರವತ್ತರ ಊರು. ಅಲ್ಲಿಯ ಕರೆಂಟಿನಿಂದ ಐವತ್ತರ ಗದ್ದಲ ಹುಟ್ಟಲು ಸಾಧ್ಯವೇ ಇಲ್ಲ. ಹುಟ್ಟಿದಂದಿನಿಂದ ಐವತ್ತನ್ನೇ ಕೇಳಿ ಬೆಳೆದ ಟೋಕಿಯೋದ ತಂತ್ರಜ್ಞರಿಗೆ ಅದು ತಮ್ಮ ಮನೆಯ ಗದ್ದಲದಂತೆಯೇ ಕೇಳಿಸಿತು, ಅಷ್ಟೆ.

ಇದನ್ನೆಲ್ಲ ಬರೆದು ಕಳಿಸಿದರೆ ಬಂದ ಉತ್ತರ ಒಂದೇ ಸಾಲು: ನಾದ ತೆಗೆದ ಆವೃತ್ತಿಯನ್ನು ಸಂಯೋಜಕರೇ ಕೇಳಿ ಒಪ್ಪಿದ್ದಾರೆ. ಹೇಗೆ ಕೇಳಿದರು? ಎಂಬತ್ತೊಂದರ ತೊಕುಯಾಮಾ ಕೋಬೆಯ ವೃದ್ಧಾಶ್ರಮದಲ್ಲಿದ್ದರು, ಕೊರೊನಾ ಕಾಲ, ಹೊರಗಿನವರಿಗೆ ಪ್ರವೇಶವಿಲ್ಲ. ನರ್ಸ್ ಒಬ್ಬರು ಮೊಬೈಲನ್ನು ಅವರ ಕಿವಿಯ ಹತ್ತಿರ ಹಿಡಿದಿದ್ದರಂತೆ. ಮೊಬೈಲಿನ ಪುಟಾಣಿ ಸ್ಪೀಕರಿಗೆ ಅಷ್ಟು ತಗ್ಗಿನ ನಾದ ನುಡಿಯುವ ಶಕ್ತಿಯೇ ಇಲ್ಲ. ಇದ್ದರೂ ಕೇಳದು, ಇಲ್ಲದಿದ್ದರೂ ಗೊತ್ತಾಗದು. ಒಬ್ಬ ಮುದುಕನ ಸುಮಾರು ನಲವತ್ತು ವರ್ಷ ಹಿಂದಿನ ಕೆಲಸದ ಬುಡ ಕೊಯ್ಯಲು ಇಷ್ಟು ಒಪ್ಪಿಗೆ ಸಾಕಾಯಿತು. ಬರೆಯುವಾಗ ನನಗೇ ಮೈ ಉರಿಯುತ್ತದೆ.

ಅಕ್ಟೋಬರಿನಲ್ಲಿ ಮರುಮುದ್ರಣ ಬಂತು. ಹೊದಿಕೆಯ ಮೇಲೆ ಬಂಗಾರದ ಅಕ್ಷರದಲ್ಲಿ "ಗದ್ದಲರಹಿತ" ಎಂದಿತ್ತು. ಎಷ್ಟು ಸ್ವಚ್ಛ, ಎಷ್ಟು ನಿರ್ಮಲ ಎಂದು ಅಂತರ್ಜಾಲದ ವಿಮರ್ಶಕರು ಹಾಡಿ ಹೊಗಳಿದರು. ವೇದವಲ್ಲಿ ಎರಡನ್ನೂ ನನಗೆ ಒಂದರ ಹಿಂದೊಂದು ಕೇಳಿಸಿದರು. ಹೊಸದರಲ್ಲಿ ಪ್ರತಿ ಸ್ವರವೂ ಫಳಫಳ ಹೊಳೆಯುತ್ತದೆ, ಆದರೆ ಎಲ್ಲಿಗೆ ಬಂದು ನಿಲ್ಲಬೇಕೆಂದು ತಿಳಿಯದೆ ಅಲೆಯುತ್ತದೆ. ಮೂಲದಲ್ಲಿ ಚಿಟಿಪಿಟಿ ಸದ್ದಿದೆ, ನಿಜ, ಆದರೆ ಕಾಲ ಕೆಳಗೆ ನೆಲವಿದೆ.

ಅವರು ಸುಮ್ಮನೆ ಕೂರಲಿಲ್ಲ. ಮೂಲ ರೆಕಾರ್ಡಿನಿಂದ ತಾವು ಇಳಿಸಿದ್ದನ್ನು ಸಿ.ಡಿ. ಮಾಡಿ, ಒಳ್ಳೆಯ ಹೆಡ್‌ಫೋನ್ ಜೊತೆಗಿಟ್ಟು ವೃದ್ಧಾಶ್ರಮಕ್ಕೆ ಪಾರ್ಸೆಲ್ ಮಾಡಿದರು. ಪತ್ರದ ಜಪಾನಿಯನ್ನು ತಿದ್ದಿದ್ದು ಮಗಳು ಸಿಂಧೂರಾ. ಶ್ರುತಿ ಎಂಬ ಮಾತಿಗೆ ಆಕೆಗೆ ಜಪಾನಿ ಪದ ಸಿಗಲಿಲ್ಲ. "ಶ್ರುತಿ ಅಂತಲೇ ಬರಿ, ಅಮ್ಮಾ. ಅವರಿಗೆ ಗೊತ್ತಾಗತ್ತೆ," ಎಂದಳಂತೆ.

ಮೂರು ವಾರಕ್ಕೆ ಅಂಚೆ ಕಾರ್ಡು ಬಂತು. ನಡುಗುವ ಕೈಬರಹ. ತೊಕುಯಾಮಾ ಹುಟ್ಟಿ ಬೆಳೆದದ್ದು ಯೋಕೋಹಾಮಾದಲ್ಲಿ. ಕೆಲಸ ಹುಡುಕಿ ಕೋಬೆಗೆ ಹೋದ ಮೇಲೆ ಅಲ್ಲಿಯ ಆಂಪ್ಲಿಫೈಯರಿನ ಗುಂಯ್‌ಕಾರ ಪರಕೀಯವೆನಿಸಿ ನಿದ್ದೆ ಬರುತ್ತಿರಲಿಲ್ಲವಂತೆ. ಅದಕ್ಕೇ ಸಿಂಥಸೈಜರಿನಲ್ಲಿ ತಮ್ಮೂರಿನ ಗುಂಯ್‌ಕಾರವನ್ನೇ ಕಟ್ಟಿ, ಅದರ ಮೇಲೆ ಇಡೀ ಆಲ್ಬಂ ನಿಲ್ಲಿಸಿದ್ದರು. ಕೊನೆಯ ಸಾಲು ಹೀಗಿತ್ತು: ಫೋನಿನಲ್ಲಿ ಅದು ಕೇಳಿಸದಿದ್ದಾಗ ನನ್ನ ಕಿವಿ ಹೋಯಿತೆಂದು ತಿಳಿದೆ, ಹೇಳಲು ನಾಚಿಕೆಯಾಗಿ ಹ್ಞೂಂ ಎಂದೆ.

ಕಾರ್ಡಿನ ಪ್ರತಿ ಕಂಪನಿಗೆ ಹೋಯಿತು. ಈ ಬೇಸಿಗೆಯ ಎರಡನೇ ಮುದ್ರಣದಲ್ಲಿ ನಾದ ಮರಳಿ ಬರುತ್ತಿದೆ. ಹೊದಿಕೆಗೆಂದು ಕಂಪನಿ ಬರೆದ ಹೊಸ ಟಿಪ್ಪಣಿಯನ್ನು ವೇದವಲ್ಲಿ ನನಗೆ ತೋರಿಸಿದರು: "ನಮ್ಮ ತಾಂತ್ರಿಕ ತಂಡದ ಆಳವಾದ ಸಂಶೋಧನೆಯಿಂದ ಪತ್ತೆಯಾದ ಆಧಾರ ನಾದ." ಯಾವ ತಂಡ, ಎಂಥ ಸಂಶೋಧನೆ? ನಾನು ಇಷ್ಟಕ್ಕೆ ಬಿಡಬೇಡಿ, ಹೆಸರು ಹಾಕಿಸಿಕೊಳ್ಳಿ ಎಂದು ಅವರ ಮನೆಯಲ್ಲೇ ಕೂತು ಕೂಗಾಡಿದೆ.

ವೇದವಲ್ಲಿ ರೆಕಾರ್ಡನ್ನು ಒರೆಸಿ ಬೆಳಕಿಗೆ ಹಿಡಿದು ನೋಡಿದರು.

"ಕಛೇರಿ ಇನ್ವಿಟೇಷನ್ನಲ್ಲಿ ತಂಬೂರಿಯೋರ ಹೆಸರು ಎಷ್ಟು ಸಲ ನೋಡಿದೀರ? ಹಾಕಲ್ಲ, ಅದು ಹಾಗೇ. ಆದ್ರೆ ಗದ್ದಲ ಅಂತ ಯಾರೂ ಅವರನ್ನ ವೇದಿಕೆಯಿಂದ ಎಬ್ಬಿಸಿ ಕಳಿಸಲ್ಲ. ಈ ಕಂಪನಿಯೋರು ಕಳಿಸಿದ್ರು. ನಾನು ವಾಪಸ್ ಕರ್ಕೊಂಡು ಬಂದು ಕೂರಿಸಿದೆ."