ರುಚಿಯಿಲ್ಲದ ಬಿಳಿಪುಡಿ

ಮಂಡಿನೋವಿಗೆಂದು ಸೇಲಂನ ಡಾಕ್ಟರ್ ಬರೆದುಕೊಟ್ಟ ಮಾತ್ರೆಯನ್ನು ಮೊನ್ನೆ ಕಚ್ಚಿ ತಿಂದೆ. ನುಂಗಬೇಕಾದದ್ದನ್ನು ಕಚ್ಚುವುದು ನನ್ನ ಹಳೆಯ ಚಾಳಿ. ಸಿಹಿಯಿಲ್ಲ, ಕಹಿಯಿಲ್ಲ, ವಾಸನೆಯೂ ಇಲ್ಲ. ಸುಣ್ಣದ ಗೋಡೆ ನೆಕ್ಕಿದ ಹಾಗೆ ನಾಲಿಗೆಯ ಮೇಲೆ ಬರೀ ಹಿಟ್ಟು. ಮಾತ್ರೆಪಟ್ಟಿಯ ಹಿಂಬದಿ ಓದಿದೆ. ಡೈಕ್ಯಾಲ್ಸಿಯಂ ಫಾಸ್ಫೇಟ್. ಅಯ್ಯೋ, ಇದು ಮೇಲ್ಮನೆ ಅತ್ತೆಯ ಹಸುವಿನ ಪುಡಿಯಲ್ಲವೇ ಎಂದು ಒಬ್ಬಳೇ ನಕ್ಕೆ. ಆಮೇಲೆ ನಗು ನಿಂತುಹೋಯಿತು…

ಕಾರಿಮಂಗಲಂ ಹತ್ತಿರದ, ಕನ್ನಡ ಮಾತಾಡುವ ಹಳ್ಳಿಗೆ ನಾನು ಸೊಸೆಯಾಗಿ ಹೋದ ಹೊಸತು. ನಮ್ಮ ಮನೆಯ ಮೇಲ್ಗಡೆಗೆ ಆಕೆಯ ಮನೆ. ನೆಂಟಸ್ತಿಕೆ ಏನೂ ಇರಲಿಲ್ಲ, ಊರೆಲ್ಲ ಅತ್ತೆ ಎನ್ನುತ್ತಿತ್ತು, ನಾನೂ ಎಂದೆ. ಗಂಡ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಇದ್ದವಳು ಕೆಂಪಿ ಎಂಬ ಹಸು. ಹಿಂಡಿ, ತೌಡು, ಕಲಗಚ್ಚು, ಏನೇ ಆಗಲಿ, ತಾನು ಒಂದು ಚೂರು ಬಾಯಿಗೆ ಹಾಕಿಕೊಳ್ಳದೆ ಕೆಂಪಿಗೆ ಇಡುತ್ತಿರಲಿಲ್ಲ. ಮೇಲ್ಮನೆಯಲ್ಲಿ ಹಸುವಿಗಿಂತ ಯಜಮಾನಿಗೇ ಹೆಚ್ಚು ಹಿಂಡಿ ಬೇಕು ಎಂದು ಜನ ಆಡಿಕೊಳ್ಳುತ್ತಿದ್ದರು. ಆಕೆ ಬಿಡುತ್ತಿರಲಿಲ್ಲ.

"ಬಾಯಿಲ್ಲದ ಜೀವ. ಕಹಿಯೋ ಉಳಿಯೋ ಅಂತ ಅದು ಬಂದು ಯೋಳ್ತದಾ? ನಿಮಗಾದ್ರೆ ಬಾಯಿ ಐತೆ, ಊರಗಲ."

ಆ ವರ್ಷ ಗಬ್ಬದ ಕೆಂಪಿಗೆ ಏನೋ ಆಯಿತು. ಗೋಡೆ ನೆಕ್ಕಿದಳು, ಹಗ್ಗದ ಮೇಲಿನ ಸೀರೆ ಜಗಿದಳು. ಒಂದು ದಿನ ನಾಯಿ ಬಿಟ್ಟುಹೋದ ಎಲುಬನ್ನು ಬಾಯಲ್ಲಿಟ್ಟುಕೊಂಡು ನಿಂತಿದ್ದಳು! ಹಸುವಿನ ಬಾಯಲ್ಲಿ ಎಲುಬು ಎಂದರೆ ಸುಮ್ಮನೆಯೇ? ಅಪಶಕುನ ಎಂದಿತು ಊರು. ಅತ್ತೆಯ ಮೈದುನ, ಮಲಗಿಬಿಡುವ ಮೊದಲೇ ಮಾರು ಎಂದ. ಅಂಥ ಹಸುಗಳನ್ನು ಲಾರಿಗೆ ತುಂಬಿ ಎಲ್ಲಿಗೆ ಒಯ್ಯುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಅತ್ತೆ ಕೆಂಪಿಯ ಕೊರಳು ತಬ್ಬಿ ಕೂತಳು. "ಇವಳೂ ಓದ್ರೆ ಬೆಳಿಗ್ಗೆ ಎದ್ದು ನಾ ಯಾರ್ನ ಬಯ್ಯಲಿ?"

ನಾನೇ ಜೊತೆಯಾಗಿ ದನದ ಆಸ್ಪತ್ರೆಗೆ ಹೋದೆ. ಶಕುನವೂ ಇಲ್ಲ, ಗಾಳಿಯೂ ಇಲ್ಲ ಎಂದರು ಡಾಕ್ಟರು. ಹೊಟ್ಟೆಯ ಕರುವಿನ ಎಲುಬು ಬೆಳೆಯುತ್ತಿದೆ, ತಾಯಿಯ ಎಲುಬು ಬರಿದಾಗುತ್ತಿದೆ. ಅವಳ ಮೈ ಅದನ್ನೇ ಕೇಳುತ್ತಿದೆ ಎಂದು ಒಂದು ಚೀಲ ಬಿಳಿಪುಡಿ ಕೊಟ್ಟರು. ಎಲುಬಿನಿಂದಲೂ ಮಾಡುತ್ತಾರಂತೆ, ಇದು ಮಾತ್ರ ಕಲ್ಲಿನದು. ಒಂದು ಜಾತಿಯ ಕಲ್ಲನ್ನು ಆಸಿಡ್‌ನಲ್ಲಿ ಕರಗಿಸಿ, ಸುಣ್ಣ ಬೆರೆಸಿದರೆ ಬೆಳ್ಳಗೆ ಕೆಳಗಿಳಿಯುತ್ತದೆ, ಅದನ್ನು ಒಣಗಿಸುತ್ತಾರೆ. ಇದೇ ಪುಡಿ ಕೋಳಿಯ ಮೇವಿಗೂ ಹೋಗುತ್ತದೆ, ನಾವು ಹಲ್ಲುಜ್ಜುವ ಪೇಸ್ಟಿಗೂ ಹೋಗುತ್ತದೆ ಎಂದರು. ಅವರ ಮಾತು ಮುಗಿಯುವುದರೊಳಗೆ ಅತ್ತೆ ಬೆರಳದ್ದಿ ನೆಕ್ಕಿಯಾಗಿತ್ತು.

"ರುಚೀನೇ ಇಲ್ವಲ್ಲ ಸಾಮಿ?"

ಅದರ ಗುಣವೇ ಅದು ಎಂದು ಡಾಕ್ಟರು ತಮಿಳಿನಲ್ಲಿ ಹೇಳಿ ನಕ್ಕರು.

ದಿನಾ ಒಂದು ಹಿಡಿ. ಅತ್ತೆ ಕಲಗಚ್ಚಿನ ಬಾನಿಗೆ ಹಾಕಿ ಕಲಕುತ್ತಿದ್ದಳು. ಮೇಲಿಂದ ಒಂದು ಬೊಗಸೆ ತಾನು ಕುಡಿದು ನೋಡಿ, ಆಮೇಲೆ ಕೆಂಪಿಯನ್ನು ಬಿಡುತ್ತಿದ್ದಳು. ಆದರೂ ಕೆಂಪಿ ಸೊರಗಿದಳು. ಒಂದು ಬೆಳಿಗ್ಗೆ ಏಳಲೇ ಇಲ್ಲ. ಮೈದುನ ಹೋಗಿ ಲಾರಿಯವನಿಗೆ ಹೇಳಿಬಂದ.

ಕೊನೆಯ ಸಲವಾದರೂ ಹೊಸ ಕಲಗಚ್ಚು ಕೊಡೋಣವೆಂದು ಅತ್ತೆ ಬಾನಿ ಬಗ್ಗಿಸಿದಳು. ನಮ್ಮ ಕಡೆ ಕಲಗಚ್ಚಿನ ಬಾನಿಯನ್ನು ಪೂರ್ತಿ ಬರಿದು ಮಾಡುವುದಿಲ್ಲ, ಇದ್ದದ್ದರ ಮೇಲೇ ಸುರಿಯುವುದು. ತಳದಲ್ಲಿ ದೋಸೆಹಿಟ್ಟಿನಂಥ ಬಿಳಿ ಗಸಿ ಅಂಗೈ ದಪ್ಪ ಕೂತಿತ್ತು. ಆ ಪುಡಿ ನೀರಿಗೆ ಕರಗುವುದೇ ಇಲ್ಲ! ಅಷ್ಟು ದಿನವೂ ಕೆಂಪಿ ಮೇಲಿನ ನೀರನ್ನಷ್ಟೇ ಕುಡಿದಿದ್ದಳು.

"ನಾನೂ ಮೇಲಿನ್ ನೀರ್ನೇ ನೋಡ್ದೆ ಕಣೇ… ತಳಕ್ಕೆ ಕೈ ಆಕ್ಲಿಲ್ಲ," ಎಂದು ಹಣೆ ಬಡಿದುಕೊಂಡು ಅತ್ತಳು. ಹಾಗೆ ಆಕೆ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಲಾರಿಯವನು ಬಂದಾಗ ಅತ್ತೆ ಪುಡಿಯನ್ನು ರಾಗಿಹಿಟ್ಟು ಬೆಲ್ಲದೊಂದಿಗೆ ಕಲಸಿ ಉಂಡೆ ಕಟ್ಟುತ್ತಿದ್ದಳು. ಅದೇ ಕೈಯಲ್ಲಿ ಬಾಗಿಲಿಗೆ ಅಡ್ಡ ನಿಂತಳು. "ನಾ ಮಾಡಿದ್ ತಪ್ಪಿಗೆ ಅವಳ್ನ ಕೊಡಾಕಿಲ್ಲ. ನೀ ಓಗಪ್ಪ." ಮೈದುನ ಕೂಗಾಡಿ ಸುಮ್ಮನಾದ. ಪ್ರತಿ ಉಂಡೆಯಿಂದ ಒಂದು ಚಿಟಿಕೆ ತನ್ನ ಬಾಯಿಗೆ, ಉಳಿದದ್ದು ಕೆಂಪಿಯ ಬಾಯಿಗೆ. ಡಾಕ್ಟರೂ ಬಂದು ಸೂಜಿ ಹಾಕಿಹೋದರು. ಕೆಲವು ದಿನ ಕಳೆದ ಮೇಲೆ ಕೆಂಪಿ ಹಿಂಗಾಲು ಎತ್ತಿ, ಮುಂಗಾಲು ಊರಿ, ನಡುಗುತ್ತ ಎದ್ದು ನಿಂತಳು. ಹೆಣ್ಣುಗರು ಹಾಕಿದಳು. ಗಿಣ್ಣಿನ ಮೊದಲ ಬಟ್ಟಲು ನಮ್ಮ ಮನೆಗೆ ಬಂತು. ಅದರಲ್ಲೂ ಒಂದು ಚಮಚ ಕಡಿಮೆಯಿತ್ತು.

ನಾವು ಸೇಲಂಗೆ ಬಂದು ಎಷ್ಟೋ ವರ್ಷಗಳಾದ ಮೇಲೆ ಅತ್ತೆ ಕೊಟ್ಟಿಗೆಯಲ್ಲಿ ಜಾರಿ ಸೊಂಟ ಮುರಿದುಕೊಂಡಳು. ನೋಡಲು ಹೋದೆ. ಎಲುಬಿಗೆಂದು ಕೊಟ್ಟ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದಳು, ಯಾರು ಹೇಳಿದರೂ ನುಂಗಿರಲಿಲ್ಲ. ನನ್ನನ್ನು ನೋಡಿ, "ನೀ ತಿಂದು ನೋಡ್ತೀಯಾ?" ಎಂದಳು. ಅರ್ಧ ಕಚ್ಚಿದೆ.

"ರುಚೀನೇ ಇಲ್ಲ ಅತ್ತೆ."

"ಅಂಗಾದ್ರೆ ಅದೇ," ಎಂದು ಉಳಿದರ್ಧ ಬಾಯಿಗೆ ಹಾಕಿಕೊಂಡಳು. ಕೆಂಪಿ ಎದ್ದ ಹಾಗೆ ಆಕೆ ಏಳಲಿಲ್ಲ…

ಈಗಲೂ ಒಳಗಿನಿಂದ ಮಗಳು ತಮಿಳಿನಲ್ಲಿ ಕೂಗಿ ಕೇಳುತ್ತಾಳೆ, ಮಾತ್ರೆ ತೆಗೆದುಕೊಂಡೆಯಾ ಎಂದು. ಊರಿನಿಂದ ಫೋನು ಮಾಡಿದವರೂ ಅದನ್ನೇ ಕೇಳುತ್ತಾರೆ. ಕೇಳುವವರಿಗೆ ನನಗೆ ಕೊರತೆಯಿಲ್ಲ. ನನಗಿಂತ ಮೊದಲು ಒಂದು ಚೂರು ತಿಂದು ನೋಡುವವಳೇ ಇಲ್ಲ.