ಕುರ್ಚಿಯ ಅಳತೆ ತೆಗೆದ ಟೈಲರಕ್ಕ

ಟೈಲರಕ್ಕನ ಬೆನ್ನು ಎಷ್ಟು ಬಾಗಿತ್ತೆಂದರೆ ಗದ್ದ ಎದೆಗೆ ತಾಗುತ್ತಿತ್ತು. ನನ್ನ ಮುಖ ನೋಡಬೇಕಾದರೆ ತಲೆಯನ್ನು ಬಲಕ್ಕೆ ವಾಲಿಸಿ, ಒಂದೇ ಕಣ್ಣಿನಲ್ಲಿ ನೋಡುವರು. ಆ ನೋಟಕ್ಕೇ ನನ್ನ ಅರ್ಧ ತಾಳ್ಮೆ ಹೋಗುತ್ತಿತ್ತು. ಕಾನಸೂರಿನಲ್ಲಿ ಬಟ್ಟೆ ಹೊಲಿಯುತ್ತಿದ್ದ ಅವರನ್ನು ಎಲ್ಲರೂ ಟೈಲರಕ್ಕ ಅನ್ನುತ್ತಿದ್ದರು. ಶಿರಸಿಯಲ್ಲಿರುವ ನನ್ನ ಹಲ್ಲಿನ ಕ್ಲಿನಿಕ್ಕನ್ನು ಅವರು ಕೊನೆಯವರೆಗೂ ‘ನಿಮ್ಮ ಅಂಗಡಿ’ ಅಂದರು. ತಿದ್ದಿ ತಿದ್ದಿ ನನಗೇ ಸಾಕಾಯಿತು.

ಮೊದಲ ಸಲ ದವಡೆಹಲ್ಲು ಹುಳುಕಾಗಿ ಬಂದಿದ್ದರು. ಹೊರಗೆ ಜನ ಕಾಯುತ್ತಿದ್ದರು. ನಾನು ಎಂದಿನಂತೆ ಬಟನ್ ಒತ್ತಿ ಕುರ್ಚಿ ಮಲಗಿಸಿದೆ. ಗೂನು ಕುರ್ಚಿಗೆ ಒತ್ತಿತು, ತಲೆಗೆ ಆಸರೆ ಸಿಗಲಿಲ್ಲ, ಉಸಿರು ಕಟ್ಟಿತು. ನನ್ನ ಕೈ ಹಿಡಿದುಕೊಂಡರು. ಎರಡು ನಿಮಿಷ ತಡ್ಕೊಳ್ಳಿ ಅಂದೆ. ಅವರು ಹೇಗೋ ಎದ್ದು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಎಂಥ ಹಟಮಾರಿ ಹೆಂಗಸಪ್ಪಾ ಅಂತ ಗೊಣಗಿದೆ.

ವಾರ ಬಿಟ್ಟು ಮತ್ತೆ ಬಂದಾಗ ಕೆನ್ನೆ ಊದಿ ಗಟ್ಟಿಯಾಗಿತ್ತು. ಗಂಜಿ ಬಿಟ್ಟು ಬೇರೇನೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೀವು ಕುತ್ತಿಗೆಗೆ ಹರಡಿದರೆ ಜೀವಕ್ಕೇ ಕುತ್ತು ಅಂತ ನಾನು ಹೇಳುತ್ತಿದ್ದರೆ, ಈ ಮಹಾತಾಯಿ ಚೀಲದಿಂದ ಟೇಪು ತೆಗೆದು ನನ್ನ ಕುರ್ಚಿಯ ಅಳತೆ ತೆಗೆಯುತ್ತಿದ್ದಾರೆ! ದೊಡ್ಡ ಆಸ್ಪತ್ರೆಗೆ ಹೋಗಿ ಅಂದೆ, ಕಿವಿಗೇ ಹಾಕಿಕೊಳ್ಳಲಿಲ್ಲ. ಮನೆಯಿಂದ ತಂದ ಎರಡು ದಿಂಬುಗಳನ್ನು, ನಡುವೆ ಗೂನಿಗೆ ಜಾಗ ಬಿಟ್ಟು, ಅಲ್ಲೇ ಸೂಜಿಯಿಂದ ಜೋಡಿಸಿದರು.

“ಬೆನ್ನು ನೆಟ್ಟಗೆ ಮಾಡ್ಸಲೆ ಬಂದಿದ್ದಲ್ಲ ಡಾಕ್ಟ್ರೇ, ಹಲ್ಲು ಕೀಳ್ಸಲೆ ಬಂದಿದ್ದು. ಈಗ ಕೀಳಿ.”

ಒರಗಿ ಕೂತರು. ಉಸಿರು ಸಲೀಸಾಗಿ ಆಡುತ್ತಿತ್ತು. ನಾನೇ ಬಗ್ಗಿ, ತಿರುಚಿ ನಿಂತು ಕೀವು ತೆಗೆದು ಹಲ್ಲು ಕಿತ್ತೆ. ಮುಗಿದಾಗ ನನ್ನ ಸೊಂಟ ಹಿಡಿದುಕೊಂಡಿತ್ತು. ಅದನ್ನು ನೋಡಿ, ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ನಕ್ಕರು. ಸಿಟ್ಟು ಬರದೆ ಇರುತ್ತದೆಯೇ?

ದಿಂಬನ್ನು ಇಲ್ಲೇ ಬಿಟ್ಟುಹೋದರು. ನನ್ನಂಥವರು ಮತ್ತೊಬ್ಬರು ಬರ್ತಾರೆ ಅಂದಿದ್ದರು. ಆಮೇಲೆ ದಾರ, ಗುಂಡಿ ಕೊಳ್ಳಲು ಪೇಟೆಗೆ ಬಂದಾಗಲೆಲ್ಲ ಒಳಗೆ ನುಗ್ಗಿ ದಿಂಬಿನ ಗವಸು ತೊಳೆದಿದೆಯೋ ಇಲ್ಲವೋ ನೋಡುವರು. ತೊಳೆದಿರದಿದ್ದರೆ ರೋಗಿಗಳ ಎದುರೇ ಬೈಗುಳ.

ಹೋದ ಚಳಿಗಾಲದಲ್ಲಿ ಟೈಲರಕ್ಕ ತೀರಿಕೊಂಡರು. ಅವರ ತಮ್ಮ ಬಂದು ದಿಂಬಿಗೆ ಹೊಸ ಗವಸೊಂದನ್ನು ಕೊಟ್ಟು ಹೋದ. ಅಕ್ಕ ಕೊನೆಯದಾಗಿ ಹೊಲಿದದ್ದು ಅದೇ ಅಂತೆ. ಮೊನ್ನೆ ಬಿಳಗಿಯಿಂದ ಬೆನ್ನು ಬಾಗಿದ ಅಜ್ಜರೊಬ್ಬರು ಬಂದರು. ದಿಂಬಿಗೆ ಆ ಗವಸು ಹಾಕಿ, ಹೇಗೆ ಕೂತರೆ ಉಸಿರಾಡಲು ಹಗುರ ಅಂತ ಕೇಳಿದೆ. ಅವರು ತೋರಿಸಿದರು. ಈ ಒಂದು ಮಾತನ್ನು ಅವತ್ತೇ ಕೇಳಿದ್ದರೆ ಟೈಲರಕ್ಕ ಒಂದು ವಾರ ಆ ನೋವು ಉಣ್ಣಬೇಕಿರಲಿಲ್ಲ.