ಅಂತರಿಕ್ಷಕ್ಕೆ ಹೇಳಿದ ಮಳೆ ಲೆಕ್ಕ

ಅಂತರಿಕ್ಷದಲ್ಲಿದ್ದ ಮನುಷ್ಯನೊಬ್ಬನ ಜೊತೆ ನಾನು ರೇಡಿಯೋದಲ್ಲಿ ಮಾತಾಡಿದ್ದೇನೆ. ಇದನ್ನು ಹೇಳಿದಾಗಲೆಲ್ಲ ಎದುರಿಗಿದ್ದವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಹೌದಾ! ಎಂತ ಮಾತಾಡಿದ್ರಿ?" ಎನ್ನುತ್ತಾರೆ. ಅಲ್ಲಿಗೆ ನನ್ನ ಗತ್ತು ಇಳಿಯುತ್ತದೆ. ನಾನು ಮಾತಾಡಿದ್ದು ಮಳೆಯ ವಿಷಯ. ಅದಕ್ಕಿಂತ ಹೆಚ್ಚಿನ ನಾಚಿಕೆಯೆಂದರೆ, ಆ ಹೊತ್ತು ಮಾತಾಡಬೇಕಾಗಿದ್ದದ್ದು ನಾನಲ್ಲ, ನನ್ನ ಅಕ್ಕ.

ಹ್ಯಾಮ್ ರೇಡಿಯೋ ಎಂಬುದೊಂದು ಮರುಳು. ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಮನೆಯಲ್ಲಿ ಕುಳಿತು ಗುರುತು ಪರಿಚಯ ಇಲ್ಲದವರ ಜೊತೆ ಹರಟುವುದು. "ಫೋನ್ ಇರುವಾಗ ಇದೆಂತಕ್ಕೆ?" ಎಂದು ನನ್ನ ಹೆಂಡತಿ ಕೇಳುತ್ತಾಳೆ, ಉತ್ತರ ಇನ್ನೂ ಹುಡುಕುತ್ತಿದ್ದೇನೆ. ಈ ಮರುಳು ಹಿಡಿಸಿದವಳು ಲೀಲಕ್ಕ. ಅವಳು ತಂತಿ ಆಫೀಸಿನಲ್ಲಿ ಮೂವತ್ತು ವರ್ಷ ಮೋರ್ಸ್ ಸಂಕೇತ ಬಡಿದವಳು. ಯಾರದೋ ಮದುವೆ, ಯಾರದೋ ಸಾವು, ಸೇನೆಯಲ್ಲಿದ್ದ ಯಾರದೋ ಮಗನ ರಜೆ, ಎಲ್ಲವೂ ಅವಳ ಬೆರಳಿನಿಂದಲೇ ಹೋಗಿವೆ. ನಿವೃತ್ತಳಾಗಿ ಗಾಳಿಬೀಡಿನ ನಮ್ಮ ಮನೆಗೆ ಬಂದ ಮೇಲೆ ಊಟದ ಮೇಜಿನ ಮೇಲೆ ಬೆರಳು ಕುಟ್ಟಿ ಕುಟ್ಟಿ ನನಗೂ ಅದನ್ನು ಕಲಿಸಿದಳು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ಕುಟ್ಟುವುದು ನಮ್ಮ ಅಭ್ಯಾಸ. ಉಪ್ಪಿನಕಾಯಿ ಬೇಕಾದರೂ ಕುಟ್ಟಿಯೇ ಕೇಳಬೇಕಿತ್ತು.

ನಾನು ಎಂದೂ ಕಲಿಯದೆ ಉಳಿದದ್ದು ಒಂದೇ ಒಂದು ಅಕ್ಷರ. ಮಾತಿನ ಕೊನೆಗೆ 'ಕೆ' ಎಂದು ಕುಟ್ಟಬೇಕು: ಒಂದು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ. ನನ್ನದು ಮುಗಿಯಿತು, ಇನ್ನು ನೀವು ಹೇಳಿ ಎಂದು ಅದರ ಅರ್ಥ. ನಾನು ಅದನ್ನು ಮರೆತು ಮುಂದಿನ ಮಾತು ಶುರು ಮಾಡಿಬಿಡುತ್ತಿದ್ದೆ. "ಕೆ ಹಾಕು ಮಾರಾಯ! ಎದುರಿನವರಿಗೂ ಬಾಯಿ ಉಂಟಲ್ಲ?" ಎಂದು ಅಕ್ಕ ಗದರುತ್ತಿದ್ದಳು. ಆದರೆ ಇದು ನನ್ನೊಬ್ಬನ ದೋಷವೇ? ನಮ್ಮ ಕಡೆಯ ನೆಂಟರು "ಬರ್ತೇವೆ" ಎಂದು ಎದ್ದ ಮೇಲೆ ಗೇಟಿನ ಬಳಿ ನಿಂತು ಆಡುವ ಮಾತು ಒಳಗೆ ಕುಳಿತು ಆಡಿದ್ದಕ್ಕಿಂತ ಉದ್ದ. ಹೀಗೆ ನನ್ನ ತಪ್ಪನ್ನು ಊರಿಗೆಲ್ಲ ಹಂಚುವುದೂ ನನ್ನ ಅಭ್ಯಾಸವೇ.

ಎರಡು ವರ್ಷದ ಹಿಂದೆ ಅಕ್ಕನ ಧ್ವನಿ ಒಡೆಯಿತು. ನೆಗಡಿ ಎಂದುಕೊಂಡೆವು. ಅದು ಗಂಟಲಿನ ಕ್ಯಾನ್ಸರ್. ಸ್ವರಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಮುಂದಿನ ವಾರಕ್ಕೆ ಆಪರೇಷನ್ ಗೊತ್ತು ಮಾಡಿದರು. ಜೀಪಿನಲ್ಲಿ ಮನೆಗೆ ಬರುವಾಗ ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ಅಕ್ಕ ಮಾತ್ರ ಒಡಕು ದನಿಯಲ್ಲಿ, "ಅಷ್ಟರೊಳಗೆ ಒಮ್ಮೆ ಆ ಮೇಲಿನವರ ಹತ್ರ ಮಾತಾಡ್ಬೇಕು," ಎಂದಳು.

ಭೂಮಿಯನ್ನು ಸುತ್ತುವ ಅಂತರಿಕ್ಷ ನಿಲ್ದಾಣದಲ್ಲೂ ಹ್ಯಾಮ್ ರೇಡಿಯೋ ಉಂಟು. ಅಲ್ಲಿರುವವರಲ್ಲಿ ಯಾರಾದರೂ ಬಿಡುವಾದಾಗ ನಮ್ಮಂಥವರ ಕರೆಗೆ ಓಗೊಡುತ್ತಾರೆ. ಆ ವಾರ ಒಬ್ಬ ಸಂಜೆ ಹೊತ್ತು ಉತ್ತರಿಸುತ್ತಿದ್ದಾನೆಂದು ಗೆಳೆಯರಿಂದ ಸುದ್ದಿ ಬಂತು. ನಿಲ್ದಾಣ ನಮ್ಮ ಆಕಾಶವನ್ನು ದಾಟಲು ಬೇಕಾದದ್ದು ಸುಮಾರು ಹತ್ತೇ ನಿಮಿಷ. ಅದರಲ್ಲಿ ಅರ್ಧವನ್ನು ನಮ್ಮ ಬೆಟ್ಟಗಳೇ ನುಂಗುತ್ತವೆ. ಅಕ್ಕನಿಗೆ ಕೂಗಿ ಕರೆಯುವ ತ್ರಾಣ ಇರಲಿಲ್ಲ. ಹಾಗಾಗಿ ಕರೆಯುವವನು ನಾನು, ಅವನು ಓಗೊಟ್ಟ ಕೂಡಲೇ ಮೈಕು ಅವಳ ಕೈಗೆ ಎಂದು ಮಾತಾಯಿತು. ಹೇಳಬೇಕಾದದ್ದನ್ನು ಅವಳು ಚೀಟಿಯಲ್ಲಿ ಬರೆದು ಮಡಚಿಟ್ಟುಕೊಂಡಳು. ನನಗೆ ತೋರಿಸಲಿಲ್ಲ.

ಕರೆಯಬೇಕೆಂದುಕೊಂಡ ದಿನವೇ ಮಧ್ಯಾಹ್ನ ಹೂಮಳೆ ಬರಬೇಕೆ! ಕಾಫಿ ಬೆಳೆಯುವವರಿಗೆ ಈ ಮಳೆ ಎಂದರೆ ಏನೆಂದು ಹೇಗೆ ಹೇಳಲಿ? ಇದು ಬಿದ್ದರೆ ಹೂವು, ಹೂವಿದ್ದರೆ ಕಾಯಿ. ಮಳೆ ನಿಂತ ಕೂಡಲೇ ಇಡೀ ಕೊಡಗು ಫೋನಿಗೆ ಕೈ ಹಾಕುತ್ತದೆ. "ನಿಮ್ಮಲ್ಲಿ ಎಷ್ಟು ಸೆಂಟ್?" ನೂರು ಸೆಂಟಿಗೆ ಒಂದು ಇಂಚು. ಕೇಳಿದವನು ಹತ್ತು ಸೆಂಟ್ ಸೇರಿಸಿ ತನ್ನದನ್ನು ಹೇಳುತ್ತಾನೆ, ನಾವೂ ಸೇರಿಸಿಯೇ ಹೇಳಿರುತ್ತೇವೆ. ಮೂರ್ನಾಡಿನ ಭಾವನಿಗೆ ಒಂದು ಹನಿಯೂ ಇಲ್ಲವೆಂದು ತಿಳಿದು ನಾನು ವ್ಯಸನಪಟ್ಟಂತೆ ಮಾತಾಡಿ, ಒಳಗೊಳಗೇ ಹಿಗ್ಗಿ ಅಂಗಳಕ್ಕೆ ಬಂದೆ.

ಐದು ಗಂಟೆಗೆ ಏಂಟೆನಾ ಹಿಡಿದು ಕರೆದೆ. ಮೂರನೇ ಕರೆಗೆ ಅವನು ಓಗೊಟ್ಟ! ನನ್ನ ಲೈಸೆನ್ಸಿನ ಕರೆಸಂಕೇತವನ್ನು ಸ್ಪಷ್ಟವಾಗಿ ಹೇಳಿ, ನಿಮ್ಮ ಕಡೆ ಮೋಡ ಕಾಣುತ್ತಿದೆ, ಹವಾಮಾನ ಹೇಗಿದೆ ಎಂದು ಇಂಗ್ಲಿಷಿನಲ್ಲಿ ಮರ್ಯಾದೆಗೆ ಕೇಳಿದ.

ಹೂಮಳೆಯ ದಿನ ಕೊಡಗಿನವನನ್ನು ಕೇಳುವ ಪ್ರಶ್ನೆಯೇ ಅದು? ತೊಂಬತ್ತು ಸೆಂಟ್ ಎಂದೆ. ಸೆಂಟ್ ಎಂದರೇನೆಂದು ವಿವರಿಸಿದೆ. ಎಷ್ಟು ದಿನ ಕಾದೆವು, ಎಷ್ಟು ಹೊತ್ತಿಗೆ ಶುರುವಾಯಿತು, ಚೆಟ್ಟಳ್ಳಿಯಲ್ಲಿ ಹೇಗೆ ಬರೇ ನಲವತ್ತು, ಮೂರ್ನಾಡಿಗೆ ಹೇಗೆ ಸೊನ್ನೆ, ಎಲ್ಲ ಹೇಳಿದೆ. ಅಕ್ಕ ನನ್ನ ತೋಳು ಜಗ್ಗಿದಳು. ಏಂಟೆನಾ ಸರಿ ಹಿಡಿ ಎನ್ನುತ್ತಿದ್ದಾಳೆಂದುಕೊಂಡು ಅದನ್ನು ತಿರುಗಿಸಿದೆ, ಬಾಯಿ ನಿಲ್ಲಿಸಲಿಲ್ಲ. ಕೊನೆಗೊಮ್ಮೆ ಮೈಕಿನ ಗುಂಡಿ ಬಿಟ್ಟಾಗ ಅವನು ಮಳೆಗೆ ಅಭಿನಂದನೆ ಹೇಳಿ, ಬೇರೆ ಯಾರನ್ನೋ ಕರೆದ. ಆಗ ಮೈಕು ಕೊಟ್ಟೆ. ಅಕ್ಕ ಎರಡು ಸಲ, ಮೂರು ಸಲ ತನ್ನ ಕರೆಸಂಕೇತ ಹೇಳಿದಳು. ಬರೇ ಸರಸರ ಸದ್ದು. ನಿಲ್ದಾಣ ಬೆಟ್ಟದ ಹಿಂದೆ ಇಳಿದಿತ್ತು.

"ಹೋಗ್ಲಿ ಬಿಡು," ಎಂದಳು ಅಕ್ಕ. "ಮಳೆ ಆಯ್ತಲ್ಲ."

ಮರುದಿನವೂ ಕರೆದೆವು, ಅದರ ಮರುದಿನವೂ. ಯಾರೂ ಮಾತಾಡಲಿಲ್ಲ. ಆಮೇಲೆ ಆಪರೇಷನ್ ಆಯಿತು. ಅಕ್ಕ ಉಳಿದಳು, ಧ್ವನಿ ಉಳಿಯಲಿಲ್ಲ.

ಆ ಚೀಟಿ ಅವಳ ಸ್ವೆಟರಿನ ಜೇಬಿನಲ್ಲಿ ನನಗೆ ಸಿಕ್ಕಿತು. ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ. "ಮೂವತ್ತು ವರ್ಷ ಬೇರೆಯವರ ಮಾತು ಕಳಿಸಿದೆ. ಇದು ನನ್ನದು. ನನ್ನ ಧ್ವನಿ ಕೇಳಿಸಿತಾ?" ತಂತಿಯಷ್ಟೇ ಬಿಗಿಯಾದ ಹತ್ತು ಪದ. ಕೊನೆಗೊಂದು 'ಕೆ'. ಅರ್ಧ ನಿಮಿಷವೂ ಬೇಕಿರಲಿಲ್ಲ ಅದಕ್ಕೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ! ಚೀಟಿ ಹಿಡಿದುಕೊಂಡೇ ಹೋಗಿ ಅವಳ ಮುಂದೆ ಕ್ಷಮೆ ಕೇಳಲು ಕುಳಿತೆ. ಅದನ್ನೂ ಎಷ್ಟು ಉದ್ದಕ್ಕೆ ಕೇಳಿದೆನೆಂದರೆ ಅಕ್ಕ ನಡುವೆಯೇ ಎದ್ದು ಹೋಗಿ ಹಾಲು ಕಾಯಿಸಿಟ್ಟು ಬಂದಳು.

ಈ ವರ್ಷದ ಹೂಮಳೆ ಮೊನ್ನೆ ಬಂತು. ಅಂಗಳದ ಮಳೆಮಾಪಕ ನೋಡಿ ನಾನು ಒಳಗೆ ಬರುವಾಗ ಅಕ್ಕ ಮೇಜಿನ ಬಳಿ ಕಾಫಿ ಇಟ್ಟುಕೊಂಡು ಕುಳಿತಿದ್ದಳು. ಬೆರಳು ಕುಟ್ಟಿದಳು: "ಎಷ್ಟು?"

"ತೊಂಬತ್ತು ಸೆಂಟ್," ಎಂದೆ. ಚೆಟ್ಟಳ್ಳಿ, ಮೂರ್ನಾಡು ಎರಡೂ ನಾಲಗೆಯ ತುದಿಗೆ ಬಂದಿದ್ದವು. ನುಂಗಿಕೊಂಡೆ. ಮೇಜಿನ ಮೇಲೆ ಒಂದು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ ಕುಟ್ಟಿ ಸುಮ್ಮನೆ ಕುಳಿತೆ.

ಅಕ್ಕ ನನ್ನ ಬೆರಳನ್ನೇ ನೋಡಿದಳು. ಫೋನು ಬಡಿದುಕೊಳ್ಳತೊಡಗಿತು, ಮೂರ್ನಾಡಿನ ಭಾವನೇ ಇರಬೇಕು. ಎತ್ತಲಿಲ್ಲ. ಅವಳು ನಿಧಾನವಾಗಿ ಕುಟ್ಟಿದಳು, ನಾನು ಒಂದೊಂದೇ ಅಕ್ಷರ ಕೂಡಿಸಿಕೊಂಡೆ.

"ಎಂಬತ್ತು. ನಾನು ಆಗಲೇ ನೋಡಿದೆ. ಆವತ್ತೂ ಎಂಬತ್ತೇ. ಆ ಮೇಲಿನವನಿಗೂ ಸುಳ್ಳು ಹೇಳಿದ್ದಿ."

ಆಮೇಲೆ ಒಂದು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ ಕುಟ್ಟಿ, ಕೈ ಕಟ್ಟಿಕೊಂಡು ನನ್ನ ಉತ್ತರಕ್ಕೆ ಕಾದಳು.